ಖಂಡೆ ಪೂಜೆಗಿಟ್ಟ ಬಂದೂಕು

ಸಮಾಜದ ಕ್ಷೇಮ ಆಯುಧದ ಹತೋಟಿಯಲ್ಲಿದೆಯೋ ಅಪರಾಧಿಯ ಶಿಕ್ಷೆಯಲ್ಲಿದೆಯೋ ಎಂಬುದು ಬಹು ಗಹನವಾದ ಪ್ರಶ್ನೆ. ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ಅದು ಹೋಳಿಗೆ ಆರುವಷ್ಟರಲ್ಲಿ ತೀರ್ಮಾನವಾಯಿತು.

ಐವತ್ತರ ದಶಕದ ಒಂದು ಖಂಡೆ ಪೂಜೆ, ಅಂದರೆ ನವರಾತ್ರಿಯ ಆಯುಧ ಪೂಜೆ. ಕುಡುಗೋಲು, ಕೊಡಲಿಗಳ ಜೊತೆ, ಹೊಲದ ಹಂದಿ ಓಡಿಸುವ ಬಂದೂಕನ್ನೂ ಅಪ್ಪ ದೇವರ ಜಗಲಿಯ ಮೇಲಿಟ್ಟಿದ್ದ. ಸವಣೂರಿನ ಕಡೆ ದರೋಡೆಯಾಗಿ ವಾರವಾಗಿತ್ತು. ಕಾಕಾ ಬಂದೂಕಿನ ಬಾಯಿಗೆ ನೇರವಾಗಿ ಕುಳಿತಿದ್ದ.

"ಎಲ್ಲಾರ ಬಂದೂಕು ಸರಕಾರ ಕಸ್ಕೋಬೇಕು ನೋಡಣ್ಣಾ" ಎಂದ.

"ಕಳ್ಳರನ್ನ ಗಲ್ಲಿಗೆ ಹಾಕಲಿ. ನನ್ನ ಬಂದೂಕು ಯಾರಿಗೆ ಏನ್ ಮಾಡೈತಿ?" ಎಂದ ಅಪ್ಪ.

ಅವ್ವ ಕರ್ಪೂರದಾರತಿಯನ್ನು ಬಂದೂಕಿನ ಹತ್ತಿರ ತಂದಾಗ ನನಗೆ ನೆನಪಾಯಿತು. ಹಿಂದಿನ ದಿನ ಅದಕ್ಕೆ ಮದ್ದು ಗುಂಡು ಜಡಿದವನು ನಾನು, ಹಂದಿ ಬಾರದೆ ಅದು ಹಾಗೇ ಉಳಿದಿತ್ತು.

"ಅವ್ವಾ, ಆರತಿ ದೂರ ಹಿಡಿ. ಅದರಾಗ ಮದ್ದೈತಿ."

ಅವ್ವ ಆರತಿಯನ್ನು ಹಿಂದಕ್ಕೆಳೆದಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬನ್ನಿ ಎಲೆ ಕೊಡುವವರೆಗೆ ಮುಟ್ಟುವಂತಿಲ್ಲ.

"ಬಂದೂಕು ಸರಿಸಾಕ ಬರಂಗಿಲ್ಲೋ ತಮ್ಮಾ. ನೀನ ಸರಿ" ಎಂದ ಅಪ್ಪ.

ಕಾಕಾ ಕುಳಿತಲ್ಲಿಂದಲೇ ಇಂಚಿಂಚಾಗಿ ಗೋಡೆಯವರೆಗೆ ಸರಿದ. "ಯಾರಿಗೆ ಏನ್ ಮಾಡೈತಿ ಅಂದಿ, ಅಣ್ಣಾ?"

ಬನ್ನಿ ಕೊಟ್ಟ ಮರುದಿನ ಅಪ್ಪ ಬಂದೂಕನ್ನು ಶಿಗ್ಗಾವಿಯ ಠಾಣೆಗೆ ಒಪ್ಪಿಸಿ ಬಂದ. ಆ ವರ್ಷದ ಜೋಳವನ್ನು ಹಂದಿಗಳು ತಿಂದವು.