ಮನಿ ಮಂದಿಗೆ ರಕ್ತ

ಪ್ರಕಾಶ ಹಲ್ಲುಜ್ಜಿ ಉಗುಳಿದ ನೀರು ಕೆಂಪಗಿತ್ತು.

ಬ್ರಶ್ ಗಟ್ಟಿ ಇರಬೇಕು ಅಂದ. ಬಂದಿದ್ದ ಜ್ವರ ಇಳಿದಿತ್ತು, ಅವತ್ತು ಡ್ಯೂಟಿಗೆ ಹೊರಟಿದ್ದ. ಮುಂಬೈನ ವಿಲೆ ಪಾರ್ಲೆಯಲ್ಲಿ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಅವನದು. ನಾನು ಮೊದಲೇ ಪುಕ್ಕಲ, ಅವನು ಸೀನಿದರೂ ಹಣೆ ಮುಟ್ಟಿ ನೋಡುವವನು. ಅಂಗಿ ಎತ್ತಿ ನೋಡಿದೆ. ಹೊಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು.

"ಅರೇ, ಏನಿಲ್ಲ ಸಿದ್ದು, ಗರ್ಮಿ ಆಗ್ಯದ," ಎಂದ. ಬೊರಿವಲಿಯಲ್ಲಿ ಹುಟ್ಟಿ ಬೆಳೆದವನ ಕನ್ನಡ ಹಾಗೆಯೇ, ಅರ್ಧ ಹಿಂದಿ. ಬೈದು ರಿಕ್ಷಾ ಹತ್ತಿಸಿದೆ.

ಡೆಂಗ್ಯೂ.

ಕುರ್ಲಾದ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಮೂಗಿನಿಂದಲೂ ರಕ್ತ ಬರುತ್ತಿತ್ತು. ಪ್ಲೇಟ್ಲೆಟ್ ತೀರಾ ಕೆಳಗಿದೆ, ಬ್ಲೀಡಿಂಗ್ ಶುರುವಾಗಿದೆ, ಈಗಲೇ ಹಾಕಬೇಕು ಎಂದರು ಡಾಕ್ಟರ್. ಊರೆಲ್ಲ ಡೆಂಗ್ಯೂ, ಬ್ಲಡ್ ಬ್ಯಾಂಕ್ ಖಾಲಿ. ಒಬ್ಬರ ರಕ್ತ ಸಾಲದು, ಏಳೆಂಟು ಮಂದಿಯನ್ನು ಕರೆಸಿ, ಸಂಜೆಯವರೆಗೆ ಕಾಯುವ ಹಾಗಿಲ್ಲ ಎಂದರು.

ಮೊದಲು ನಾನೇ ಹೋಗಿ ಕೂತೆ. ಗೋಣಿ ಹೊತ್ತು ಗಟ್ಟಿಯಾದ ಮೈ ನನ್ನದು, ಬೇಕಾದಷ್ಟು ತಗೊಳ್ಳಲಿ ಅಂದುಕೊಂಡಿದ್ದೆ. ಕೌನ್ಸೆಲರ್ ಮೇಡಂ ಕಾಮಾಲೆ, ಮಲೇರಿಯಾ ಎಲ್ಲ ಕೇಳುತ್ತಾ ಬಂದು, ಗಂಡಸರ ಜೊತೆ ಸಂಬಂಧ ಇದೆಯೇ ಎಂದೂ ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಅದು ಪ್ರಕಾಶನ ಮೈಗೆ ಹೋಗುವ ರಕ್ತ. ಅದರೊಳಗೆ ಸುಳ್ಳು ಬೆರೆಸಲು ಧೈರ್ಯ ಬರಲಿಲ್ಲ. ಇದೆ ಎಂದೆ.

"ಸಾರಿ. ರೂಲ್ ಹಾಗಿದೆ, ನಿಮ್ಮದು ತಗೊಳ್ಳೋಕಾಗಲ್ಲ," ಎಂದರು. ಪಾಪ, ದನಿ ಇಳಿಸಿಯೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನಿಗೆ ನನ್ನ ರಕ್ತ ಆಗದು, ದಾರಿಹೋಕನದಾದರೂ ಆಗುತ್ತದೆ.

ಉಳಿದದ್ದು ನಮ್ಮ ಟೋಳಿ. ಕುರ್ಲಾದ ಗೋದಾಮಿನಲ್ಲಿ ಲಾರಿ ಖಾಲಿ ಮಾಡುವ ಹಮಾಲರ ತಂಡ ನಮ್ಮದು. ಹೆಚ್ಚಿನವರು ವಿಜಯಪುರದ ಕಡೆಯವರು, ಎಲ್ಲರೂ ಒಂದೇ ಯೂನಿಯನ್. ಟೋಳಿಯಲ್ಲೊಂದು ಕಟ್ಟಳೆ ಇದೆ. ಹಮಾಲನ ಮನೆಯವರಿಗೆ ರಕ್ತ ಬೇಕಾದರೆ ಅರ್ಧ ಇಳಿಸಿದ ಲಾರಿಯನ್ನೂ ಬಿಟ್ಟು ಎಲ್ಲರೂ ಹೋಗಬೇಕು. ಗೆಳೆಯರಿಗಾದರೆ ಕೆಲಸ ಮುಗಿದ ಮೇಲೆ.

ಟೋಳಿಯ ಮುಖಂಡ, ಮುಕಾದಮ ಗುರಪ್ಪ ಮಾಮಾಗೆ ಫೋನ್ ಮಾಡಿದೆ. ರೂಮ್ ಪಾರ್ಟ್ನರ್‌ಗೆ ಹುಷಾರಿಲ್ಲ ಎಂದೆ. ಪ್ರಕಾಶ ಎಲ್ಲರಿಗೂ ಗೊತ್ತಿದ್ದದ್ದು ಹಾಗೆಯೇ. ಮಾಮಾ ಲೊಚಗುಟ್ಟಿದರು. ಎರಡು ಗಾಡಿ ಬಂದು ನಿಂತಿವೆ, ಇಳಿಸಿ ಸಂಜೆ ನಾಲ್ಕು ಮಂದಿಯನ್ನು ಕಳಿಸುತ್ತೇನೆ ಎಂದರು.

ಸಂಜೆ. ಡಾಕ್ಟರ್ ಕಾಯಲಾಗದು ಎಂದಿದ್ದ ಸಂಜೆ.

ನಮ್ಮ ಕೆಲಸದಲ್ಲಿ ಇಬ್ಬರು ಚೀಲ ಎತ್ತಿ ಮೂರನೆಯವನ ಬೆನ್ನಿಗೆ ಕೊಡಬೇಕು. ಬೆನ್ನು ಬಗ್ಗಿಸಿದವನಿಗೆ ಹಿಂದೆ ಕಾಣುವುದಿಲ್ಲ, ನಂಬಿಕೆಯೊಂದೇ. ನನಗೆ ಚೀಲ ಎತ್ತಿಕೊಡಲು ನಾಳೆ ಯಾರೂ ಮುಂದೆ ಬರದಿದ್ದರೆ ನನ್ನ ಹೊಟ್ಟೆಪಾಡು ಮುಗಿದ ಹಾಗೆ. ಆದರೂ ಹೇಳಿದೆ.

"ಮಾಮಾ, ಅವ ಬರೇ ರೂಮ್ ಪಾರ್ಟ್ನರ್ ಅಲ್ಲರೀ."

"ಮತ್ತ?"

"ನನ್ನ ಮನಿ ಮಂದಿ. ಗಂಡ ಹೆಂಡ್ತಿ ಹೆಂಗಿರ್ತಾರ, ಹಂಗ ಅದೀವಿ ನಾವು."

ಆ ಕಡೆ ಲಾರಿ ಹಿಂದೆ ಸರಿಯುವ ಸದ್ದು ಮಾತ್ರ ಕೇಳಿಸಿತು.

ಫೋನ್ ಕಟ್ಟಾಯಿತು.

ಮತ್ತೆ ಮಾಡಲು ಕೈ ಬರಲಿಲ್ಲ. ವಾರ್ಡಿಗೂ ಬ್ಲಡ್ ಬ್ಯಾಂಕಿಗೂ ಸುಮ್ಮನೆ ಓಡಾಡಿದೆ. ಪ್ರಕಾಶನ ಮೂಗಿಗೆ ತುರುಕಿದ್ದ ಹತ್ತಿ ಮತ್ತೆ ನೆನೆದಿತ್ತು. ಯಾರು ಬರ್ತಾರೆ ಎಂದು ಕೇಳಿದ. ಬರ್ತಾರೆ ಎಂದಷ್ಟೇ ಹೇಳಿದೆ. ಕೆಲಸವೂ ಹೋಯಿತು, ಇವನೂ ಹೋಗುತ್ತಾನೆ ಎಂದುಕೊಂಡೆ. ಬೊರಿವಲಿಯ ಅಣ್ಣನಿಗೆ ಹೇಳಲೇ ಎಂದರೆ ಬೇಡ ಎಂದು ತಲೆಯಾಡಿಸಿದ. ನಾವು ಜೊತೆಯಾದ ದಿನವೇ ಅಣ್ಣ ಇವನನ್ನು ಬಿಟ್ಟುಬಿಟ್ಟಿದ್ದ.

ಬ್ಲಡ್ ಬ್ಯಾಂಕಿನ ಬಾಗಿಲಲ್ಲಿ ಗಲಾಟೆ ಕೇಳಿ ತಿರುಗಿದೆ. ತಲೆಯ ಮೇಲೆಲ್ಲ ಗೋಣಿಯ ಧೂಳು, ಸೊಂಟದಲ್ಲಿ ಟವೆಲ್ಲು. ನಮ್ಮ ಟೋಳಿ. ಹಿಂದಿನ ದಿನ ಕುಡಿದಿದ್ದ ಒಬ್ಬನನ್ನು ನರ್ಸ್ ಆಗಲೇ ಬೈದು ಹೊರಗೆ ಹಾಕಿದ್ದರು, ಅವನು ಹಲ್ಲು ಕಿಸಿಯುತ್ತಾ ನಿಂತಿದ್ದ. ಟೋಳಿಯವರಲ್ಲಿ ಭೀಮಶಾ ಒಬ್ಬ ಬಂದಿರಲಿಲ್ಲ. ಬಾಕಿ ಎಲ್ಲರೂ ಇದ್ದರು.

"ಗಾಡಿ ಹಂಗ ಬಿಟ್ಟು ಬಂದೀವಿ," ಎಂದರು ಮಾಮಾ. ನನ್ನ ಮುಖ ನೋಡಲಿಲ್ಲ, ಅಂಗಿಯ ತೋಳು ಮಡಚುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಪ್ಲೇಟ್ಲೆಟ್ ಹಾಕಿದರು. ರಕ್ತ ನಿಂತಿತು. ಲೆಕ್ಕ ಏರಿತು, ಮತ್ತೆ ಸ್ವಲ್ಪ ಇಳಿದು ಜೀವ ಬಾಯಿಗೆ ತಂದಿತು, ಕೊನೆಗೆ ಏರಿಯೇ ಏರಿತು. ಪ್ರಕಾಶ ಮೊದಲು ಕೇಳಿದ್ದು ಭಜಿ. ಆಗಲೇ ನನಗೆ ಅರ್ಧ ಧೈರ್ಯ ಬಂತು.

ನಡುವೆ ಒಂದು ದಿನ ಮಾಮಾ ಹಣ್ಣು ಹಿಡಿದು ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತರು. ಶಂಕರನ ಮಾತು ತೆಗೆದರು. ನಮ್ಮ ಟೋಳಿಯವನೇ, ಹೋದ ವರ್ಷ ಹೃದಯ ನಿಂತು ತೀರಿಕೊಂಡ. ಸತ್ತವನ ಹುಕ್ಕನ್ನು, ಅಂದರೆ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯನ್ನು, ಮುಕಾದಮ ಅವನ ಮನೆಯವರ ಕೈಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಶಂಕರನಿಗೆ ಮನೆಯವರೆಂದು ಯಾರೂ ಬರಲಿಲ್ಲ. ಅವನ ಜೊತೆ ಒಂದೇ ಖೋಲಿಯಲ್ಲಿದ್ದ ಸಲೂನಿನ ವಸಂತ ಮಾತ್ರ ರಸ್ತೆಯ ಆ ಬದಿ ನಿಂತು ಅಳುತ್ತಿದ್ದ. ಯಾರೂ ಅವನನ್ನು ಈಚೆ ಕರೆಯಲಿಲ್ಲ.

"ನಂಗ ಆವತ್ತೇ ತಿಳಿದಿತ್ತೋ ಸಿದ್ದು," ಎಂದರು ಮಾಮಾ. "ಮಂದಿ ಏನಂತಾರ ಅಂತ ಸುಮ್ನಾದೆ. ಹುಕ್ಕ ನನ್ನ ಪೆಟ್ಟಿಗ್ಯಾಗ ಐತಿ. ದಿನಾ ಕಣ್ಣಿಗೆ ಬೀಳ್ತೈತಿ."

ಕೆಲಸಕ್ಕೆ ಮರಳಿದ ದಿನ ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು ನಿಂತೆ. ಮೊದಲ ಚೀಲ ಮಾಮಾ ತಾವೇ ಎತ್ತಿಕೊಟ್ಟರು. ಭೀಮಶಾ ಈಗಲೂ ನನಗೆ ಎತ್ತಿಕೊಡುವುದಿಲ್ಲ, ನೀರಿನ ಬಾಟಲಿಯನ್ನೂ ಬೇರೆ ಇಟ್ಟುಕೊಂಡಿದ್ದಾನೆ. ಯೂನಿಯನ್ ಮೀಟಿಂಗಿನಲ್ಲಿ ಮಾಮಾ, ಮನಿ ಮಂದಿ ಯಾರೆಂದು ಹಮಾಲನೇ ಹೇಳಲಿ, ಯೂನಿಯನ್ ಅದನ್ನು ಒಪ್ಪಬೇಕು ಎಂದಾಗ ಎದ್ದು ಹೊರಹೋದವರಲ್ಲಿ ಅವನೂ ಇದ್ದ. ಕೂತವರೇ ಹೆಚ್ಚು. ಮಾತು ಪಾಸಾಯಿತು.

ಹೋದ ಭಾನುವಾರ ವಸಂತನ ಸಲೂನಿಗೆ ಹೋದೆವು. ಪ್ರಕಾಶ ಹಟ ಮಾಡಿ ಬಂದಿದ್ದ. ಮಾಮಾ ಹುಕ್ಕನ್ನು ಎರಡೂ ಕೈಯಲ್ಲಿ ಹಿಡಿದು, ತಡವಾಯಿತು ಎಂದರು. ವಸಂತ ಅದರ ಹಿಡಿಯನ್ನು ಸವರಿದ. ಕೈ ಜಾರದಿರಲೆಂದು ಸುತ್ತಿದ್ದ ಬಟ್ಟೆ, ಹಳೆಯ ಸಲೂನ್ ಟವೆಲ್ಲಿನ ಚೂರು. ಸುತ್ತಿಕೊಟ್ಟವನು ತಾನೇ ಎಂದ. ಅದನ್ನು ನಾವೆಲ್ಲ ದಿನಾ ನೋಡಿದ್ದೆವು.

ಆಮೇಲೆ ಅವನು ಕಣ್ಣೊರೆಸಿಕೊಂಡು ಪ್ರಕಾಶನ ಗಡ್ಡ ನೋಡಿದ. ರಕ್ತ ನಿಲ್ಲದೇ ಹೋದೀತೆಂದು ಡಾಕ್ಟರ್ ಇಷ್ಟು ದಿನ ರೇಜರ್ ಮುಟ್ಟಬೇಡ ಎಂದಿದ್ದರು. ಈಗ ಪರವಾನಗಿ ಸಿಕ್ಕಿತ್ತು, ನಾನೇ ಮುಂದೂಡುತ್ತಿದ್ದೆ. ವಸಂತ ಕುರ್ಚಿ ತಿರುಗಿಸಿ ಕೂರಿಸಿದ. ಹೊಸ ಬ್ಲೇಡ್ ಹಾಕಿದ. ಮಾಮಾ ಪೇಪರ್ ಹಿಡಿದು ಕೂತರು. ನಾನು ಕುರ್ಚಿಯ ಪಕ್ಕದಲ್ಲೇ ನಿಂತು ಬ್ಲೇಡನ್ನೇ ನೋಡುತ್ತಿದ್ದೆ, ಕೆನ್ನೆ, ಗದ್ದ, ಕುತ್ತಿಗೆ.

ಒಂದು ಹನಿಯೂ ಬರಲಿಲ್ಲ.