ಕಮಲಾವತಿಯವರ ಫ್ರೇಮ್‌ವರ್ಕಿಗೆ ಕತ್ತೆ ನುಗ್ಗಿದ್ದು

ಬೆಳ್ಳಾರೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕಮಲಾವತಿ ನಲವತ್ತು ದಾಟಿದ ಮೇಲೆ ತಾವೇ ಪ್ರೋಗ್ರಾಮಿಂಗ್ ಕಲಿತು ಒಂದು ಫ್ರೇಮ್‌ವರ್ಕ್ ಬರೆದರು. ಬುಕಿಂಗ್, ಬಿಲ್ಲುಗಳ ತಂತ್ರಾಂಶ ಕಟ್ಟಲು ಅದೇ ಅಡಿಪಾಯ. ಸುಬ್ರಹ್ಮಣ್ಯದ ಮೂವತ್ತೊಂದು ಲಾಡ್ಜುಗಳು ಅದರ ಮೇಲೆ ನಡೆಯುತ್ತಿದ್ದವು. ಎಂಟು ವರ್ಷದಲ್ಲಿ ಒಬ್ಬರೂ ಹೊಗಳಿರಲಿಲ್ಲ. ಅಂದರೆ ಚೆನ್ನಾಗಿಯೇ ಇತ್ತು.

ಕಳೆದ ವರ್ಷ ಯಾವನೋ ಕಿಡಿಗೇಡಿ ಆನ್‌ಲೈನ್ ಬುಕಿಂಗಿನಲ್ಲಿ ಹೆಸರಿನ ಜಾಗಕ್ಕೆ ನಾಲ್ಕು ಸಾಲು ಕೋಡ್ ತುಂಬಿದ. ಫ್ರೇಮ್‌ವರ್ಕ್ ಅದನ್ನು ಹೆಸರೆಂದು ತೋರಿಸದೆ ಅಪ್ಪಣೆಯೆಂದು ಪಾಲಿಸಿತು. ಲಾಡ್ಜೊಂದರ ಕೌಂಟರಿನ ಪರದೆ ತುಂಬ ಕತ್ತೆಯೊಂದು ಕುಣಿಯಿತು. ಸಾಲಿನಲ್ಲಿ ನಿಂತ ಭಕ್ತರು ವಿಡಿಯೊ ಮಾಡಿಕೊಂಡರು. ಕಮಲಾವತಿಗೆ ನಗು ಬರಲಿಲ್ಲ. ಇವತ್ತು ಕತ್ತೆ, ನಾಳೆ ಯಾತ್ರಿಕರ ಆಧಾರ್ ನಂಬರು. ಆ ವಾರವೇ ಹೊಸ ಆವೃತ್ತಿ ಬಿಟ್ಟರು: ಯಾರು ಏನೇ ಬರೆದರೂ ಅಕ್ಷರವಾಗಿ ಮಾತ್ರ ಕಾಣಬೇಕು.

ಎರಡೇ ದಿನಕ್ಕೆ ಲಾಡ್ಜ್ ಮಾಲೀಕ ದುಗ್ಗಪ್ಪ ಬಸ್ಸು ಹತ್ತಿ ಬಂದರು. ಲಾಡ್ಜಿನ ಹೆಸರು ದಪ್ಪ ಕೆಂಪಕ್ಷರದಲ್ಲಿ ಬರಲೆಂದು ಅವರೂ ಅಂಥದ್ದೇ ಕೋಡ್ ಹಾಕಿಸಿದ್ದರು. ಈಗ ಬಿಲ್ಲಿನ ತುಂಬ ಆ ಕೋಡೇ ಅಚ್ಚಾಗುತ್ತಿತ್ತು.

"ಎಂತ ಕಮಲಕ್ಕ ಇದು? ಗಿರಾಕಿಗಳು ಯಾವ ಭಾಷೆ ಅಂತ ಕೇಳ್ತಾರೆ!"

"ಅದು ಅಪಾಯ ದುಗ್ಗಪ್ಪಣ್ಣ, ಹಾಗೆ ಬಿಡ್ಲಿಕ್ಕಾಗುದಿಲ್ಲ."

"ಅಪಾಯವಾದ್ರೆ ನೀವೇ ಯಾಕೆ ಹೇಳಿಕೊಟ್ಟದ್ದು ಮಾರಾಯ್ತಿ?"

ಹೇಳಿಕೊಟ್ಟವರು ಕಮಲಾವತಿಯೇ. ಹಳೆಯ ಆವೃತ್ತಿಗೇ ಹಿಂದೆ ಹೋದರೆ ಕಳ್ಳರಿಗೆ ಸುಖ, ಹೀಗೇ ಬಿಟ್ಟರೆ ನಂಬಿದವರಿಗೆ ಪೆಟ್ಟು.

ಒಂದು ವಾರ ಯೋಚಿಸಿ ಮೂರು ಕೆಲಸ ಮಾಡಿದರು. ಹೊಸದಾಗಿ ಕಟ್ಟುವವರಿಗೆಲ್ಲ ಭದ್ರತೆ ಮೊದಲಿನಿಂದಲೇ ಕಡ್ಡಾಯ. ಬಣ್ಣ ಬೇಕಾದವರಿಗೆ ಕೋಡಿನ ಹಂಗಿಲ್ಲದ ಬೇರೆಯೇ ಗುಂಡಿ. ಹಳಬರು ಆರು ತಿಂಗಳು ಹಳೆಯ ದಾರಿಯಲ್ಲೇ ಹೋಗಬಹುದು. ಆದರೆ ಅದಕ್ಕೊಂದು ಸ್ವಿಚ್ ಹಾಕಬೇಕು. ಸ್ವಿಚ್ಚಿನ ಹೆಸರು: ‘ಕತ್ತೆ ಬಂದರೂ ಅಡ್ಡಿಯಿಲ್ಲ’. ಅದು ಹಾಕಿರುವಷ್ಟು ದಿನ ಆ ಮಾತು ಪರದೆಯ ನೆತ್ತಿಯ ಮೇಲೆ ಹಳದಿ ಪಟ್ಟಿಯಲ್ಲಿ ಕಾಣುತ್ತಿತ್ತು.

ಮೂವತ್ತು ಲಾಡ್ಜುಗಳು ತಿಂಗಳೊಳಗೆ ನಾಚಿ ಬದಲಾದವು. ದುಗ್ಗಪ್ಪ ಮಾತ್ರ ಹಟ ಹಿಡಿದರು. ಕೊನೆಗೊಂದು ದಿನ ಹಾಸನದ ಯಾತ್ರಿಕರೊಬ್ಬರು ಪಟ್ಟಿ ಓದಿ, "ನಮ್ಮ ಭಾವನನ್ನೂ ಕರಕೊಂಡು ಬರಬಹುದಾ?" ಎಂದು ಕೇಳಿದರಂತೆ. ಮಧ್ಯಾಹ್ನದೊಳಗೆ ಸ್ವಿಚ್ ಹೋಯಿತು, ಕೆಂಪಕ್ಷರ ಹೊಸ ಗುಂಡಿಯಿಂದ ಬಂತು.

ಈಗ ಯಾವ ಬದಲಾವಣೆಗೂ ಮುಂಚೆ ಕಮಲಾವತಿ ದುಗ್ಗಪ್ಪರಿಗೇ ಮೊದಲು ಫೋನ್ ಮಾಡುತ್ತಾರೆ. ಅವರು ಅರ್ಧ ಗಂಟೆ ಬೈಯುತ್ತಾರೆ. ಇವರು ಬರೆದುಕೊಳ್ಳುತ್ತಾರೆ.