ಕೈ ಎತ್ತಿ ಬಿಡುವ ಪರೀಕ್ಷೆ

ಫಿಟ್ಸ್ ಬಂದಂತೆ ನಟಿಸುವವರನ್ನು ಗುರುತಿಸುವುದು ದೊಡ್ಡ ವಿದ್ಯೆಯೇನಲ್ಲ. ನಿಜವಾಗಿ ಬಂದವರ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ. ನಟಿಸುವವರು ಬಿಗಿಯಾಗಿ ಮುಚ್ಚಿರುತ್ತಾರೆ, ರೆಪ್ಪೆ ಬಿಡಿಸಹೋದರೆ ಇನ್ನಷ್ಟು ಬಿಗಿಯುತ್ತಾರೆ.

ಹನೂರು ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದಾಗ, ರಾಮಾಪುರದ ಆಚೆಯ ಹಳ್ಳಿಯಿಂದ ಅತ್ತೆಯೊಬ್ಬಳು ಸೊಸೆಯನ್ನು ಹಾಗೆ ಕರೆತಂದಳು. ನೋಡಿದ ಕೂಡಲೇ ಗೊತ್ತಾಯಿತು. ಅತ್ತೆಯನ್ನು ಹೊರಗೆ ಕಳಿಸಿ, "ಏಳವ್ವ, ಯಾರೂ ಇಲ್ಲ" ಎಂದೆ. ಹುಡುಗಿ ಕಣ್ಣು ಬಿಟ್ಟಳು.

"ಎಲ್ಡು ದಿನ ಮಲಗುಸ್ಕಳಿ ಡಾಕ್ಟ್ರಮ್ಮ. ಮೈ ಸೋತೋಗದೆ. ಮನೇಲಿ ಕೂತ್ರೂ ಬೈತರೆ."

ಬಸಿರು ಇಳಿದು ತಿಂಗಳೂ ಆಗಿರಲಿಲ್ಲ, ಆಗಲೇ ಹೊಲಕ್ಕೆ ಅಟ್ಟಿದ್ದರು. ಇದು ಕಾಯಿಲೆಯಲ್ಲ ಎನ್ನುವವರ ಬಾಯಿಗೆ ಮಣ್ಣು ಹಾಕ! ಗ್ಲೂಕೋಸ್ ಹಾಕಿಸಿ ಎರಡು ದಿನ ಮಲಗಿಸಿಕೊಂಡೆ. ಊಟಕ್ಕೆ ಎಬ್ಬಿಸಿದಾಗಷ್ಟೇ ಏಳುತ್ತಿದ್ದಳು.

ಎರಡನೆಯ ಸಲ ಬಂದಾಗ ಡ್ಯೂಟಿಯಲ್ಲಿ ನಮ್ಮ ಹಿರಿಯ ಡಾಕ್ಟರ್ ಇದ್ದ. ನಾನು ಹೋಗುವಷ್ಟರಲ್ಲಿ ಮಂಚದ ಸುತ್ತ ಜನ. ನಮ್ಮ ಕಡೆ ರೋಗಿಯ ಹಿಂದೆ ಅರ್ಧ ಊರೇ ಬರುತ್ತದೆ, ಬಂದವರೆಲ್ಲ ವಾರ್ಡಿನೊಳಗೇ ನಿಲ್ಲುತ್ತಾರೆ. ಆತ ಅವಳ ಕೈಯನ್ನು ಮುಖದ ಮೇಲಕ್ಕೆ ಎತ್ತಿ ಬಿಟ್ಟ. ಕೈ ಮೂಗನ್ನು ತಪ್ಪಿಸಿ ಪಕ್ಕಕ್ಕೆ ಬಿತ್ತು.

"ನೋಡಿದ್ರಾ? ನಿಜವಾಗ್ಲೂ ಪ್ರಜ್ಞೆ ಇಲ್ದಿದ್ರೆ ಮುಖದ ಮೇಲೇ ಬೀಳ್ತಿತ್ತು" ಎಂದು ಎಲ್ಲರಿಗೂ ಪಾಠ ಹೇಳಿದ. ಆಮೇಲೆ ಬೆರಳ ಗೆಣ್ಣಿನಿಂದ ಎದೆಮೂಳೆಯನ್ನು ಉಜ್ಜಿದ. ಅವಳು ಚೀರಿ ಎದ್ದು ಕೂತಳು. ಜನ ನಕ್ಕರು.

"ಅವರ ಮುಂದೆ ಯಾಕೆ ಸರ್ ಇದೆಲ್ಲ?" ಎಂದು ನಾನು ಜಗಳಕ್ಕೇ ನಿಂತೆ.

"ನಾಟಕ ಬಿಡಿಸ್ದೆ. ಇನ್ನು ನಿಮಗೂ ತಲೆನೋವಿಲ್ಲ" ಎಂದ. ನಾಟಕವಂತೆ ನಾಟಕ. ಯಾಕೆ ಆಡಿದಳೆಂದು ಕೇಳುವ ಪುರುಸೊತ್ತು ಆ ಮನುಷ್ಯನಿಗಿರಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಷ್ಟರಲ್ಲಿ ಅತ್ತೆ ಅವಳ ರಟ್ಟೆ ಹಿಡಿದು ಬಸ್ಸಿಗೆ ಎಳೆದುಕೊಂಡು ಹೋಗಿಯಾಗಿತ್ತು.

ಮೂರನೆಯ ಸಲ ಆಟೋದಲ್ಲಿ ತಂದರು. ಮಧ್ಯಾಹ್ನ ಕಳೆದಿತ್ತು. ರೆಪ್ಪೆಗಳು ಜೋತುಬಿದ್ದಿದ್ದವು, ನಾನು ಎತ್ತಿದರೆ ತಡೆಯುವ ಶಕ್ತಿ ಇರಲಿಲ್ಲ. ನಾಲಗೆ ಹೊರಳುತ್ತಿರಲಿಲ್ಲ. ನೆಲದ ಮೇಲೆ ಮಲಗಿದ್ದವಳು ನಸುಕಿನಲ್ಲೇ ಹೊಟ್ಟೆನೋವೆಂದು ಎದ್ದಿದ್ದಳಂತೆ. ಕಟ್ಟುಹಾವು ಕಚ್ಚಿದರೆ ಹೀಗೆಯೇ, ಎಷ್ಟೋ ಸಲ ಗಾಯವೂ ಕಾಣುವುದಿಲ್ಲ. ಅವಳ ಎದೆಯ ಮೇಲೆ ಮಾತ್ರ ಗೆಣ್ಣಿನಿಂದ ಉಜ್ಜಿದ ನೀಲಿ ಗುರುತುಗಳಿದ್ದವು, ಒಂದರ ಮೇಲೊಂದು. ವಿಷಕ್ಕೆ ಇಂಜೆಕ್ಷನ್ ಏರಿಸಿ, ಬಾಯಿಗೆ ಗಾಳಿಚೀಲ ಒತ್ತುತ್ತ, ಆಂಬುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೊರಟೆವು. ಮಧುವನಹಳ್ಳಿ ಬರುವ ಮೊದಲೇ ಎದೆಬಡಿತ ನಿಂತಿತು.

ಆಂಬುಲೆನ್ಸಿನಲ್ಲಿ ಜೊತೆಗಿದ್ದ ಅತ್ತೆ ಅತ್ತಳು. ಸುಳ್ಳು ಅಳುವಲ್ಲ, ಅದೂ ನನಗೆ ಗೊತ್ತಾಗುತ್ತದೆ.

"ಬೆಳಿಗ್ಗೆನೇ ಯಾಕೆ ತರ್ಲಿಲ್ಲ?" ಎಂದೆ.

"ಕೈ ಎತ್ತಿ ಬುಟ್ಟು ನೋಡುದ್ವಿ ಡಾಕ್ಟ್ರಮ್ಮ. ಮಕದ್ ಮ್ಯಾಲೇ ಬಿತ್ತು."

"ಮತ್ತೆ?"

"ಅವತ್ತು ಆ ಡಾಕ್ಟ್ರು ಯೋಳುದ್ದ ಇವ್ಳೂ ಕೇಳುಸ್ಕಂಡಿದ್ಳಲ್ಲ. ಈ ಸಲ ಸರ್ಯಾಗಿ ಕಲ್ತ್ಕಂಡವ್ಳೆ ಅಂದ್ಕಂಡ್ವಿ."